ತಪ್ಪಿಹೋದ ದರ್ಶನ: ರಾಜ್‌ಕುಮಾರ್ ಅಭಿಮಾನಿಗಳ ನೆನಪಿನ ಕಥನಗಳು

ಡಾ. ರಾಜ್‌ಕುಮಾರ್ ಅವರನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರವಣಿಗೆಯ ಪ್ರಮಾಣ ದೊಡ್ಡದು. ಜೀವನಚರಿತ್ರೆಗಳು, ಅಭಿನಂದನ ಗ್ರಂಥಗಳು, ಚಿತ್ರಸಂಪುಟಗಳು, ಸಹಕಲಾವಿದರ ಮತ್ತು ತಂತ್ರಜ್ಞರ ನೆನಪುಗಳು ಎಲ್ಲ ಸೇರಿ ಒಂದು ಚಿಕ್ಕ ಗ್ರಂಥಭಂಡಾರವೇ ಆಗುತ್ತದೆ. ಈ ಬರವಣಿಗೆಯಲ್ಲಿ ಅಭಿಮಾನಿಯು ಸಾಮಾನ್ಯವಾಗಿ ಎರಡು ರೂಪಗಳಲ್ಲಿ ಕಾಣಿಸಿಕೊಳ್ಳುತ್ತಾನೆ. ಒಂದು, ಮುಖವಿಲ್ಲದ ಜನಸಾಗರವಾಗಿ. ಇನ್ನೊಂದು, ನಟನ ಪಕ್ಕದಲ್ಲಿ ನಿಂತು ಭಾವಚಿತ್ರ ತೆಗೆಸಿಕೊಂಡ ಅದೃಷ್ಟಶಾಲಿಯಾಗಿ. ಇವೆರಡರ ನಡುವೆ ಮತ್ತೊಬ್ಬ ಅಭಿಮಾನಿಯಿದ್ದಾನೆ. ನೋಡಲೆಂದು ಹೊರಟವನು, ಹತ್ತಿರದವರೆಗೂ ಹೋದವನು, ಆದರೆ ಕಾಣದೆ ಮರಳಿದವನು. ಬರವಣಿಗೆಯಲ್ಲಿ ಇವನಿಗೆ ಜಾಗ ದೊರೆತದ್ದು ಕಡಿಮೆ. ಜಗಲಿಯ ಮಾತಿನಲ್ಲಿ, ಹೋಟೆಲಿನ ಹರಟೆಯಲ್ಲಿ, ಬಸ್ಸಿನ ಪಯಣದಲ್ಲಿ ಮಾತ್ರ ಇವನದೇ ಕಥನ ಮತ್ತೆ ಮತ್ತೆ ಕೇಳಿಬರುತ್ತದೆ. ಭೇಟಿಯಾದವನ ಕಥೆ ಒಂದು ಭಾವಚಿತ್ರದಲ್ಲಿ ಮುಗಿದರೆ, ಭೇಟಿ ತಪ್ಪಿದವನ ಕಥೆ ಹೇಳಿದಷ್ಟೂ ಬೆಳೆಯುತ್ತದೆ. ಈ ತಪ್ಪಿದ ಭೇಟಿಯ ಕಥನಗಳನ್ನು ಬರಿಯ ಹಳಹಳಿಕೆಯೆಂದು ಬದಿಗಿಡದೆ, ಅವುಗಳ ರಚನೆಯನ್ನೂ ಅವು ಹೇಳುವುದನ್ನೂ ಹೇಳದೆ ಬಿಡುವುದನ್ನೂ ಪರಿಶೀಲಿಸುವ ಅಗತ್ಯವಿದೆ.

ಈ ಕಥನಗಳಿಗೆ ಒಂದು ಗೊತ್ತಾದ ನಡೆಯಿದೆ. ಮೊದಲು ಸುದ್ದಿ ಬರುತ್ತದೆ. ಪಕ್ಕದ ಊರಿನ ಕೆರೆಯ ಏರಿಯ ಮೇಲೆ ಚಿತ್ರೀಕರಣ ನಡೆಯುತ್ತಿದೆ, ಇಲ್ಲವೇ ತಾಲ್ಲೂಕು ಕೇಂದ್ರದ ಪ್ರವಾಸಿ ಮಂದಿರದಲ್ಲಿ ಅಣ್ಣಾವ್ರು ಇಳಿದುಕೊಂಡಿದ್ದಾರೆ. ಸುದ್ದಿ ತಂದವನು ಬಸ್ಸಿನ ಕಂಡಕ್ಟರನೋ ಸಂತೆಯಿಂದ ಮರಳಿದ ನೆಂಟನೋ ಆಗಿರುತ್ತಾನೆ. ಆಮೇಲೆ ಹೊರಡುವ ಸಂಭ್ರಮ: ಬಾಡಿಗೆ ಸೈಕಲ್ಲು, ಎತ್ತಿನ ಗಾಡಿ, ಶಾಲೆಗೆ ಚಕ್ಕರ್, ಅರ್ಧಕ್ಕೆ ನಿಂತ ಉಳುಮೆ. ಕಥನದ ಬಹುಪಾಲನ್ನು ನುಂಗುವುದು ಈ ದಾರಿಯೇ. ಎಲ್ಲಿ ಸೈಕಲ್ಲಿನ ಸರಪಣಿ ಕಳಚಿತು, ಎಲ್ಲಿ ಮಳೆ ಹಿಡಿಯಿತು, ಯಾವ ಹಳ್ಳ ತುಂಬಿ ಹರಿಯುತ್ತಿತ್ತು ಎಂಬ ವಿವರಗಳು ದಶಕಗಳು ಕಳೆದರೂ ಮಾಸುವುದಿಲ್ಲ. ಕೊನೆಗೆ ತಲುಪಿದಾಗ ಎದುರಾಗುವ ಮಾತು ಒಂದೇ: ‘ಈಗ ತಾನೇ ಹೋದರು.’

ಕಥನದ ತಿರುವು ನಿಂತಿರುವುದು ‘ಇನ್ನೇನು ಸಿಗಬೇಕು ಅನ್ನುವಷ್ಟರಲ್ಲಿ’ ಎಂಬ ನುಡಿಗಟ್ಟಿನ ಮೇಲೆ. ಕನ್ನಡದ ‘ಅಷ್ಟು’ ಅಳತೆಯನ್ನು ಹೇಳುವ ಪದ. ‘ಅಷ್ಟರಲ್ಲಿ’ ಎಂದಾದಾಗ ಆ ಅಳತೆಯೇ ಕಾಲವಾಗುತ್ತದೆ. ನಟನಿಗೂ ತನಗೂ ನಡುವೆ ಇದ್ದ ದೂರವನ್ನು ಅಭಿಮಾನಿಯು ಈ ಒಂದು ಪ್ರಯೋಗದಿಂದ ಗಳಿಗೆಗಳಿಗೆ ಇಳಿಸಿಕೊಳ್ಳುತ್ತಾನೆ. ಮದರಾಸಿನ ತಾರೆಗೂ ಮಳವಳ್ಳಿ ಕಡೆಯ ರೈತನಿಗೂ ನಡುವಿನ ಸಾಮಾಜಿಕ ಅಂತರ ಬಲು ದೊಡ್ಡದು. ಕಥನದೊಳಗೆ ಅದು ಕಾಲು ಗಂಟೆಯ ಅಂತರ ಮಾತ್ರ. ಹಳ್ಳ ತುಂಬದೆ ಇದ್ದಿದ್ದರೆ ಆ ಅಂತರವೂ ಇರುತ್ತಿರಲಿಲ್ಲ. ಭೇಟಿಯಾಗದ ಕಥೆ ಹೀಗೆ ಸಾಮೀಪ್ಯದ ಕಥೆಯಾಗಿ ಮಾರ್ಪಡುತ್ತದೆ.

ಕಥನ ಅಲ್ಲಿಗೇ ನಿಲ್ಲುವುದಿಲ್ಲ. ಹೋದವನು ಏನಾದರೊಂದು ಕುರುಹು ಕಂಡೇ ಮರಳುತ್ತಾನೆ. ಅವರು ಕುಳಿತಿದ್ದ ಕುರ್ಚಿ, ಕುಡಿದಿಟ್ಟ ಲೋಟ, ಒರಗಿದ್ದ ಮರ, ಕಾರು ಎಬ್ಬಿಸಿ ಹೋದ ಧೂಳು. ಇದನ್ನು ಸಿನಿಮಾ ಹುಚ್ಚಿನ ಲಕ್ಷಣವೆಂದು ಮಾತ್ರ ಕಂಡರೆ ಕನ್ನಡ ನಾಡಿನ ಸ್ಥಳೈತಿಹ್ಯಗಳ ಪರಂಪರೆಯನ್ನು ಮರೆತಂತಾಗುತ್ತದೆ. ಪಾಂಡವರು ವನವಾಸದಲ್ಲಿ ತಂಗಿದ್ದ ಗವಿ, ಭೀಮನ ಹೆಜ್ಜೆ ಮೂಡಿದ ಬಂಡೆ, ಸೀತೆ ಮಿಂದ ಕೊಳ ಇಲ್ಲದ ಸೀಮೆ ಈ ನಾಡಿನಲ್ಲಿ ಅಪರೂಪ. ಇವುಗಳಲ್ಲೆಲ್ಲ ಮಹಾಪುರುಷರು ಊರಿಗೆ ‘ಬಂದು ಹೋದವರು’. ಹೇಳುವ ಊರಿನವರಾರೂ ಅವರನ್ನು ಕಂಡವರಲ್ಲ. ಕಂಡಿದ್ದೇವೆಂಬ ಸುಳ್ಳನ್ನೂ ಅವರು ಹೇಳುವುದಿಲ್ಲ, ಹೆಜ್ಜೆಯನ್ನಷ್ಟೇ ತೋರಿಸುತ್ತಾರೆ. ಕಾಣದಿರುವುದು ಐತಿಹ್ಯಕ್ಕೆ ಕೊರತೆಯಲ್ಲ. ಅದೇ ಅದರ ಆಧಾರ. ರಾಜ್‌ಕುಮಾರ್ ಒರಗಿದ್ದ ಮರವನ್ನು ತೋರಿಸುವವನು ಈ ಹಳೆಯ ವಿದ್ಯೆಯನ್ನೇ ಹೊಸ ವಸ್ತುವಿಗೆ ಬಳಸುತ್ತಿದ್ದಾನೆ. ಅವನ ಊರು ಆ ಮರದಿಂದಾಗಿ ಸಿನಿಮಾದ ಭೂಪಟದೊಳಗೆ ಸೇರಿತು.

ಭೇಟಿ ಅಪರೂಪವಾಗಿದ್ದುದಕ್ಕೆ ಚಾರಿತ್ರಿಕ ಕಾರಣಗಳೂ ಇದ್ದವು. 1954ರ ‘ಬೇಡರ ಕಣ್ಣಪ್ಪ’ದಿಂದ ಮೊದಲುಗೊಂಡು ಬಹುಕಾಲ ಕನ್ನಡ ಚಿತ್ರಗಳು ತಯಾರಾಗುತ್ತಿದ್ದದ್ದು ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲಿ. ನಟನ ವಾಸವೂ ಅಲ್ಲಿಯೇ. ನಾಡಿನ ಜನಕ್ಕೆ ಅವರು ಟೆಂಟಿನ ಪರದೆಯ ಮೇಲೆ ಪ್ರತಿ ವರ್ಷವೂ ಸಿಗುತ್ತಿದ್ದರು, ದೇಹವಾಗಿ ಸಿಗುತ್ತಿದ್ದದ್ದು ವಿರಳ. ಜೊತೆಗೆ, ತಂದೆ ಪುಟ್ಟಸ್ವಾಮಯ್ಯನವರಂತೆಯೇ ರಾಜ್‌ಕುಮಾರ್ ಕೂಡ ಸಿನಿಮಾಕ್ಕೆ ಬರುವ ಮೊದಲು ವೃತ್ತಿ ನಾಟಕ ಕಂಪನಿಗಳಲ್ಲಿ ದುಡಿದವರು. ಕಂಪನಿ ನಾಟಕದ ನಟ ಊರಿನಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡುತ್ತಿದ್ದ. ಬೆಳಿಗ್ಗೆ ಕಾಫಿ ಹೋಟೆಲಿನಲ್ಲಿ, ಸಂಜೆ ದೇವಸ್ಥಾನದ ಬಳಿ ಅವನನ್ನು ಕಾಣಬಹುದಿತ್ತು. ಆ ಸಲಿಗೆಯನ್ನು ಕಂಡಿದ್ದ ತಲೆಮಾರೇ ಸಿನಿಮಾದ ಅಭಿಮಾನಿಯಾಯಿತು. ನಟನೆಂದರೆ ಸಿಗುವವನು ಎಂಬ ಅವರ ನಿರೀಕ್ಷೆಗೂ ತಾರೆಯೆಂದರೆ ಸಿಗದವನು ಎಂಬ ಹೊಸ ಉದ್ಯಮದ ನಿಯಮಕ್ಕೂ ನಡುವೆ ಈ ಕಥನಗಳು ಹುಟ್ಟಿದವು.

ದಕ್ಷಿಣ ಭಾರತದ ತಾರೆಗಳನ್ನು ಕುರಿತ ಅಧ್ಯಯನಗಳಲ್ಲಿ ಎಸ್. ವಿ. ಶ್ರೀನಿವಾಸ್ ಅವರ ‘ಮೆಗಾಸ್ಟಾರ್’ (2009) ಮತ್ತು ಎಂ. ಮಾಧವ ಪ್ರಸಾದ್ ಅವರ ‘ಸಿನಿ-ಪಾಲಿಟಿಕ್ಸ್’ (2014) ಮುಖ್ಯವಾದವು. ಮೊದಲನೆಯದು ತೆಲುಗಿನ ಚಿರಂಜೀವಿಯವರನ್ನು, ಎರಡನೆಯದು ಎಂ.ಜಿ.ಆರ್., ಎನ್.ಟಿ.ಆರ್. ಹಾಗೂ ರಾಜ್‌ಕುಮಾರ್ ಅವರನ್ನು ಎದುರಿಗಿಟ್ಟುಕೊಂಡು ಚರ್ಚಿಸುತ್ತವೆ. ಅಭಿಮಾನಿಯನ್ನು ಮುಗ್ಧ ಭಕ್ತನೆಂದು ತಳ್ಳಿಹಾಕುವ ಧೋರಣೆಯನ್ನು ಇಂಥ ಅಧ್ಯಯನಗಳು ಅಲುಗಾಡಿಸಿವೆ. ಆದರೂ ಸಾಮಾನ್ಯ ವಿಮರ್ಶೆಯಲ್ಲಿ ‘ದರ್ಶನ’ ಎಂಬ ಪರಿಕಲ್ಪನೆಯೇ ಇಂದಿಗೂ ಮೇಲುಗೈ ಪಡೆದಿದೆ. ತಾರೆ ದೇವರು, ಅಭಿಮಾನಿ ಭಕ್ತ, ಚಿತ್ರಮಂದಿರ ಗುಡಿ ಎಂಬ ಸಮೀಕರಣ ಬರೆಯಲು ಸುಲಭ. ತೆಲುಗಿನಲ್ಲಿ ಅದಕ್ಕೆ ತಕ್ಕ ಆಧಾರವೂ ಉಂಟು. ರಾಮ-ಕೃಷ್ಣರ ಪಾತ್ರಗಳಿಂದ ಮನೆಮಾತಾದ ಎನ್.ಟಿ.ಆರ್. ಅವರನ್ನು ನೋಡಲು ತಿರುಪತಿಯ ಯಾತ್ರಿಕರು ಮದರಾಸಿನ ಅವರ ಮನೆಗೂ ಹೋಗಿ ಬರುತ್ತಿದ್ದರು. ರಾಜ್‌ಕುಮಾರ್ ವಿಷಯದಲ್ಲಿ ಈ ಸಮೀಕರಣ ಸರಿಹೊಂದುವುದಿಲ್ಲ. ಅವರೂ ದೇವರ ಪಾತ್ರಗಳನ್ನು ಮಾಡಿದ್ದಾರೆ, ನಿಜ. ಆದರೆ ಅವರ ಪೌರಾಣಿಕ-ಭಕ್ತಿ ಚಿತ್ರಗಳ ಸಾಲಿನಲ್ಲಿ ಎದ್ದು ಕಾಣುವುದು ದೇವರಿಗಾಗಿ ಹಂಬಲಿಸುವವನ ಪಾತ್ರ. ಕಣ್ಣಪ್ಪ, ‘ಭಕ್ತ ಕನಕದಾಸ’ದ (1960) ಕನಕ, ಕಬೀರ, ತುಕಾರಾಮ, ‘ಭಕ್ತ ಕುಂಬಾರ’ದ (1974) ಗೋರ. ದರ್ಶನ ಕೊಡುವವನಿಗಿಂತ ದರ್ಶನಕ್ಕಾಗಿ ಕಾಯುವವನಾಗಿಯೇ ಪ್ರೇಕ್ಷಕರು ಅವರನ್ನು ಹೆಚ್ಚು ಕಂಡರು.

ಇವುಗಳಲ್ಲಿ ಕನಕನ ಪ್ರಸಂಗಕ್ಕೆ ವಿಶೇಷ ಮಹತ್ವವಿದೆ. ಉಡುಪಿಯ ಗುಡಿಯೊಳಗೆ ಪ್ರವೇಶ ಸಿಗದ ಕನಕದಾಸರು ಹಿಂದೆ ನಿಂತು ಹಾಡಿದಾಗ ಗೋಡೆ ಬಿರಿದು ಕೃಷ್ಣ ಅತ್ತ ತಿರುಗಿದನೆಂಬುದು ನಾಡಿಗೆಲ್ಲ ತಿಳಿದ ಐತಿಹ್ಯ. ಬಾಗಿಲಿನಿಂದ ತಳ್ಳಿಸಿಕೊಂಡವನಿಗೆ ಕಿಂಡಿಯಲ್ಲಿ ದೊರೆತ ನೋಟ ಅದು. ಅಭಿಮಾನಿಗಳ ಕಥನಗಳಲ್ಲಿ ಈ ಕಿಂಡಿಯ ಜಾಗಕ್ಕೆ ಕಾರಿನ ಕಿಟಕಿ ಬರುತ್ತದೆ. ನೂಕುನುಗ್ಗಲಿನಲ್ಲಿ ಹಿಂದೆ ಬಿದ್ದವನು ರಸ್ತೆಯ ತಿರುವಿನಲ್ಲಿ ನಿಂತಿರುತ್ತಾನೆ. ಕಾರು ಹಾದುಹೋಗುತ್ತದೆ. ಬಿಳಿಯ ಪಂಚೆ, ಬಿಳಿಯ ಅಂಗಿ, ಜೋಡಿಸಿದ ಎರಡು ಕೈಗಳು ಕಣ್ಣಿಗೆ ಬೀಳುತ್ತವೆ, ಮುಖ ಕಾಣುವಷ್ಟರಲ್ಲಿ ಕಾರು ಮುಂದೆ ಹೋಗಿರುತ್ತದೆ. ಇದನ್ನು ಭೇಟಿಯೆಂದು ಎಣಿಸಬೇಕೋ ಬೇಡವೋ ಎಂಬುದು ಹೇಳುವವನಿಗೇ ತೀರ್ಮಾನವಾಗದ ಪ್ರಶ್ನೆ. ಆದರೆ ‘ನಮ್ಮ ಕಡೆಗೇ ತಿರುಗಿದರು’ ಎಂಬ ಮಾತನ್ನು ಅವನು ಬಿಟ್ಟುಕೊಡುವುದಿಲ್ಲ. ಕನಕನಾಗಿ ಪರದೆಯ ಮೇಲೆ ಗೋಡೆಯ ಆಚೆ ನಿಂತಿದ್ದ ನಟನೇ ಈಗ ಗೋಡೆಯ ಈಚೆಗಿದ್ದಾನೆ. ಹೊರಗೆ ನಿಂತವನ ಸಂಕಟ ಅವನಿಗೆ ಗೊತ್ತಿದೆಯೆಂಬ ಭರವಸೆ ಅಭಿಮಾನಿಗೆ ಬಂದದ್ದು ಈ ಪಾತ್ರಗಳಿಂದಲೇ ಇರಬೇಕು.

ಆ ಭರವಸೆಗೆ ಮಾತಿನ ರೂಪ ಕೊಟ್ಟವರು ಸ್ವತಃ ರಾಜ್‌ಕುಮಾರ್. ಸಭೆಗಳಲ್ಲಿ ಅವರು ಜನರನ್ನು ‘ಅಭಿಮಾನಿ ದೇವರುಗಳೇ’ ಎಂದು ಕರೆದರು. ಸವೆದ ನಾಣ್ಯದಂತೆ ಇಂದು ಎಲ್ಲರ ಬಾಯಲ್ಲೂ ಓಡಾಡುವ ಈ ಸಂಬೋಧನೆಯನ್ನು ಅದರ ಮೂಲದ ಗಾಂಭೀರ್ಯದಲ್ಲಿ ಗ್ರಹಿಸಿದರೆ ದರ್ಶನದ ಸಮೀಕರಣವೇ ತಲೆಕೆಳಗಾಗುತ್ತದೆ. ಅಭಿಮಾನಿಯೇ ದೇವರಾದರೆ, ಬಾಗಿಲವರೆಗೆ ಬಂದು ಕಾಣದೆ ಹೋದವನು ನಿರಾಶನಾದ ಭಕ್ತನಲ್ಲ, ಮನೆಯವರಿಗೆ ಸಿಗದೆ ಹಿಂದಿರುಗಿದ ದೇವರು. ಮನೆಬಾಗಿಲಿಗೆ ಬಂದ ಜಂಗಮನನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ನಂಬಿದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಕಥನಗಳ ಕೊನೆಗೆ ತಪ್ಪದೆ ಬರುವ ಒಂದು ವಾಕ್ಯವನ್ನು ಈ ಬೆಳಕಿನಲ್ಲಿ ಓದಬೇಕು: ‘ಅಣ್ಣಾವ್ರಿಗೆ ಗೊತ್ತಾಗಿದ್ದರೆ ಒಳಗೆ ಕರೆಸಿ ಊಟ ಹಾಕಿಸಿಯೇ ಕಳಿಸುತ್ತಿದ್ದರು.’ ‘ಗೊತ್ತಾಗಿದ್ದರೆ’ ಎಂಬ ಒಂದು ಷರತ್ತು ಇಡೀ ಸಂಬಂಧವನ್ನು ಕಾಪಾಡುತ್ತದೆ. ಇಲ್ಲಿ ಬರುವುದು ಪ್ರಸಾದವಲ್ಲ, ಊಟ. ಕರೆಯುವ ಹೆಸರೂ ಸ್ವಾಮಿಯಲ್ಲ, ಅಣ್ಣ. ಹತ್ತಿರದ ಬಂಧು ಊರಿಗೆ ಬಂದಾಗ ತಾನು ಮನೆಯಲ್ಲಿರಲಿಲ್ಲ ಎಂಬ ಕೌಟುಂಬಿಕ ವಿಷಾದದ ದನಿ ಇದು. ಗುಡಿಯಲ್ಲಿ ಇಂದು ತಪ್ಪಿದ ದರ್ಶನ ನಾಳೆ ದೊರೆಯಬಹುದು, ಬಂಧುವಿನ ವಿಷಯದಲ್ಲಿ ಆ ಖಾತ್ರಿಯಿಲ್ಲ.

ಇದೇ ಷರತ್ತಿಗೆ ಇನ್ನೊಂದು ಮುಖವಿದೆ. ಈ ಕಥನಗಳಲ್ಲಿ ತಪ್ಪು ಎಂದಿಗೂ ನಟನದಾಗುವುದಿಲ್ಲ. ತಪ್ಪು ಮಳೆಯದು, ಬಸ್ಸಿನದು, ತನ್ನ ಹಣೆಬರಹದ್ದು; ಎಲ್ಲಕ್ಕಿಂತ ಹೆಚ್ಚಾಗಿ ಬಾಗಿಲಲ್ಲಿ ನಿಂತವನದು. ಗೇಟಿನ ಕಾವಲುಗಾರ, ಚಿತ್ರೀಕರಣದ ಸಹಾಯಕ, ಲಾಠಿ ಹಿಡಿದ ಪೇದೆ, ಸಂಘದ ಪದಾಧಿಕಾರಿ ಇವರೆಲ್ಲ ಕಥನದ ಖಳರು. ಪುರಾಣದ ಜಯ-ವಿಜಯರ ಕಾಲದಿಂದಲೂ ದ್ವಾರಪಾಲಕರ ಮೇಲೆ ಸಿಟ್ಟು ಹೊರಿಸುವುದು ರೂಢಿಯೇ. ತಾರೆಯ ಸುತ್ತ ಗೋಡೆ ಕಟ್ಟುವುದು ಉದ್ಯಮದ ಅಗತ್ಯವೂ ಹೌದು, ತಾರೆಯ ಬೆಲೆ ನಿಂತಿರುವುದೇ ಆ ಗೋಡೆಯ ಮೇಲೆ. ಇದನ್ನು ಕಾಣಲು ಕಥನ ನಿರಾಕರಿಸುತ್ತದೆ. ಅಣ್ಣನನ್ನು ನಿರ್ದೋಷಿಯಾಗಿ ಉಳಿಸಿಕೊಳ್ಳಲು ಅದು ತೆರುವ ಬೆಲೆ ಇದು. ಆದರೂ ‘ಒಳಗೆ ಬಿಡಲಿಲ್ಲ’ ಎಂಬ ಸಣ್ಣ ದೂರು ಪ್ರಶಂಸೆಯ ಅಡಿಯಲ್ಲಿ ಉಳಿದೇ ಇರುತ್ತದೆ. ಸ್ಮರಣ ಸಂಪುಟಗಳ ಸಂಪಾದಕರು ಈ ಬಗೆಯ ನೆನಪುಗಳಿಗೆ ಜಾಗ ಕೊಡದಿರುವುದಕ್ಕೆ ಆ ದೂರಿನ ಮುಜುಗರವೂ ಕಾರಣವಿರಬಹುದು.

ವ್ಯಕ್ತಿಯೊಬ್ಬನ ಕಥನವಾಗಿದ್ದ ಇದು ಎರಡು ಸಂದರ್ಭಗಳಲ್ಲಿ ಇಡೀ ನಾಡಿನ ಕಥನವಾಯಿತು. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ವೀರಪ್ಪನ್ ಅವರನ್ನು ಅಪಹರಿಸಿದ. ಅವರ ಬಿಡುಗಡೆಯಾದದ್ದು ನವೆಂಬರ್ 15ರಂದು. ಆ 108 ದಿನಗಳಲ್ಲಿ ‘ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ’ ಎಂಬ ಸುದ್ದಿ ಎಷ್ಟು ಸಲ ಹಬ್ಬಿ ಹುಸಿಯಾಯಿತೆಂಬುದು ಆ ಕಾಲದ ಪತ್ರಿಕೆಗಳನ್ನು ಓದಿದವರಿಗೆ ತಿಳಿದಿದೆ. ಆ ಪ್ರಕರಣ ಮರಳಿ ಬರುವುದರಲ್ಲಿ ಮುಗಿಯಿತು. 2006ರ ಏಪ್ರಿಲ್ 12ರದು ಹಾಗಲ್ಲ. ಅಂದು ಮಧ್ಯಾಹ್ನ ನಟನ ನಿಧನದ ಸುದ್ದಿ ಹಬ್ಬಿದ ಕೂಡಲೇ ಊರೂರುಗಳಿಂದ ಜನ ಬೆಂಗಳೂರಿನತ್ತ ಹೊರಟರು. ಮರುದಿನವೇ ಕಂಠೀರವ ಸ್ಟುಡಿಯೋದಲ್ಲಿ ಅಂತ್ಯಸಂಸ್ಕಾರ ನಡೆಯಿತು. ಹೊರಟವರಲ್ಲಿ ಅಸಂಖ್ಯ ಮಂದಿ ಕಾಣದೆ ಮರಳಿದರು. ಸುದ್ದಿ, ಹೊರಡುವಿಕೆ, ದಾರಿಯ ಅಡ್ಡಿ, ‘ಇನ್ನೇನು’ ಅನ್ನುವಷ್ಟರಲ್ಲಿ ತಪ್ಪಿದ ನೋಟ: ಹಳೆಯ ಕಥನದ ಎಲ್ಲ ಘಟ್ಟಗಳೂ ಅಲ್ಲಿದ್ದವು. ಇರದಿದ್ದದ್ದು ‘ಇನ್ನೊಮ್ಮೆ’ ಎಂಬ ಸಮಾಧಾನ ಮಾತ್ರ.

ಅಂದು ನಡೆದ ಹಿಂಸೆಯನ್ನು ಕುರಿತ ವಿವರಣೆಗಳು ಎರಡು ಬಣಗಳಾಗಿ ಒಡೆದಿವೆ. ನಗರದ ಒಂದು ವರ್ಗಕ್ಕೆ ಅದು ಪುಂಡರ ದಾಂಧಲೆ. ಅಭಿಮಾನಿಗಳ ಕಥನದಲ್ಲಿ ಅದು ಕೊನೆಯ ದರ್ಶನವನ್ನು ಕಸಿದುಕೊಂಡ ಆಡಳಿತದ ಮೇಲಿನ ಆಕ್ರೋಶ. ಎರಡನೆಯ ವಿವರಣೆಯಲ್ಲಿ ಸತ್ಯಾಂಶವಿದೆ. ಜನರನ್ನು ಸಾಲಿನಲ್ಲಿ ಸಾಗಿಸುವ ವ್ಯವಸ್ಥೆ ಅಂದು ಕುಸಿದುಬಿದ್ದಿತ್ತು. ಆದರೆ ಆ ಎರಡು ದಿನಗಳಲ್ಲಿ ಪೊಲೀಸ್ ಪೇದೆಯೊಬ್ಬರೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ತಪ್ಪಿದ ಭೇಟಿಯ ಕಥನದ ಚೌಕಟ್ಟಿನಲ್ಲಿ ಗೋಲಿಬಾರಿಗೆ ಸಿಕ್ಕವನಿಗೆ ಜಾಗವಿದೆ. ಗುಂಪಿನ ಕೈಗೆ ಸಿಕ್ಕ ಪೇದೆಗೆ ಜಾಗವಿಲ್ಲ, ಏಕೆಂದರೆ ಆ ಕಥನದಲ್ಲಿ ಪೇದೆಯೆಂದರೆ ದ್ವಾರಪಾಲಕ ಮಾತ್ರ. ಅವನೂ ರಾಜ್‌ಕುಮಾರ್ ಚಿತ್ರಗಳನ್ನು ನೋಡಿ ಬೆಳೆದವನಿರಬಹುದು, ನೋಡಲು ಬಂದವರ ಕಡೆ ಮುಖ ಮಾಡಿ ನಿಲ್ಲಬೇಕಾದ್ದರಿಂದ ಅವನಿಗೂ ದರ್ಶನ ತಪ್ಪಿರಬಹುದು ಎಂಬ ಸಾಧ್ಯತೆಯನ್ನು ಅದು ಯೋಚಿಸಲಾರದು. ಈ ಕಥನಗಳನ್ನು ಮೆಚ್ಚಿ ಬರೆಯುವ ವಿಮರ್ಶೆ ಈ ಮೌನವನ್ನು ದಾಟಿ ಹೋಗುವಂತಿಲ್ಲ.

ಆ ದಿನದ ಗದ್ದಲದ ನಡುವೆಯೂ ನೇತ್ರದಾನ ನಡೆಯಿತೆಂಬುದನ್ನು ಅಭಿಮಾನಿಗಳು ತಪ್ಪದೆ ನೆನೆಯುತ್ತಾರೆ. ಶಿವನಿಗೆ ಕಣ್ಣು ಕೊಟ್ಟ ಬೇಡನಾಗಿ ನಾಯಕನಟನ ಬದುಕು ಆರಂಭಿಸಿದ ನಟ ತನ್ನ ಕಣ್ಣುಗಳನ್ನು ಕೊಟ್ಟೇ ಹೋದದ್ದು ಕಥನಕ್ಕೆ ಒದಗಿದ ಅಪೂರ್ವ ಸಾಮಗ್ರಿ. ಕಾಣಲು ಹೋಗಿ ಕಾಣದೆ ಬಂದವರು, ಅವರ ಕಣ್ಣು ಈಗಲೂ ಯಾರನ್ನೋ ನೋಡುತ್ತಿದೆಯೆಂದು ಹೇಳಿಕೊಳ್ಳುವುದನ್ನು ಅತಿಭಾವುಕತೆಯೆಂದು ನಗುವುದು ಸುಲಭ. ನೋಡುವವನು ಯಾರು, ನೋಡಿಸಿಕೊಳ್ಳುವವನು ಯಾರು ಎಂಬ ಪ್ರಶ್ನೆಗೆ ಇದಕ್ಕಿಂತ ಸೊಗಸಾದ ಉತ್ತರ ಶಾಸ್ತ್ರಗ್ರಂಥಗಳಲ್ಲಿ ಸಿಗುವುದು ಕಷ್ಟ.

ಇದುವರೆಗೆ ವಿವೇಚಿಸಿದ ಕಥನಗಳೆಲ್ಲ ಬಹುಮಟ್ಟಿಗೆ ಗಂಡಸರವು. ಸೈಕಲ್ಲು ತುಳಿದು ಹೋಗುವ, ಗೇಟಿನ ಮುಂದೆ ರಾತ್ರಿ ಕಳೆಯುವ ಸ್ವಾತಂತ್ರ್ಯ ಹೆಂಗಸರಿಗೆ ಇರಲಿಲ್ಲ. ಅವರ ಕಥನದಲ್ಲಿ ದಾರಿಯೇ ಇಲ್ಲ; ಅಡ್ಡಿ ಹೊಸ್ತಿಲಲ್ಲೇ ಎದುರಾಗುತ್ತದೆ. ಒಲೆಯ ಮೇಲಿನ ಎಸರು, ತೊಟ್ಟಿಲಿನ ಮಗು, ‘ಹೆಂಗಸರಿಗೇನು ಅಲ್ಲಿ ಕೆಲಸ’ ಎಂಬ ಅತ್ತೆಯ ಮಾತು. 1982ರಲ್ಲಿ ಗೋಕಾಕ್ ಚಳವಳಿಯ ಸಭೆಗಳಿಗೆಂದು ರಾಜ್‌ಕುಮಾರ್ ಊರೂರು ತಿರುಗಿದಾಗ ಮೈದಾನದಲ್ಲಿ ಸೇರಿದವರು ಗಂಡಸರಾದರೆ, ಮಾಳಿಗೆಯ ಮೇಲಿನಿಂದಲೋ ಕಿಟಕಿಯ ಸರಳುಗಳ ಹಿಂದಿನಿಂದಲೋ ಧ್ವನಿವರ್ಧಕದ ದನಿಯನ್ನಷ್ಟೇ ಕೇಳಿಸಿಕೊಂಡವರು ಹೆಂಗಸರು. ಹೀಗೆ ಅವರ ತಪ್ಪಿದ ಭೇಟಿ ಕಿವಿಯ ನೆನಪು. ಗಂಡಸರ ಕಥನ ಧೂಳಿನಲ್ಲಿ ಮುಗಿದರೆ ಇವರದು ದನಿಯಲ್ಲಿ ಮುಗಿಯುತ್ತದೆ. ಅಭಿಮಾನಿ ಸಂಘಗಳ ಇತಿಹಾಸದಲ್ಲಾಗಲಿ ಸ್ಮರಣ ಸಂಚಿಕೆಗಳಲ್ಲಾಗಲಿ ಈ ನೆನಪುಗಳು ದಾಖಲಾದದ್ದು ತೀರ ಕಡಿಮೆ. ಎಪ್ಪತ್ತರ ದಶಕದಲ್ಲಿ ಟೆಂಟಿನ ನೆಲದ ಮೇಲೆ ಕುಳಿತು ‘ಬಂಗಾರದ ಮನುಷ್ಯ’ (1972) ನೋಡಿದ ಹೆಣ್ಣುಮಕ್ಕಳು ಈಗ ಮೊಮ್ಮಕ್ಕಳನ್ನು ಕಂಡವರು. ಆ ಚಿತ್ರದ ಕೊನೆಯಲ್ಲಿ ರಾಜೀವ ಯಾರಿಗೂ ಹೇಳದೆ ಊರು ಬಿಟ್ಟು ನಡೆದುಬಿಡುತ್ತಾನೆ, ಕಥೆ ಅವನನ್ನು ಹಿಂದಕ್ಕೆ ಕರೆತರುವುದಿಲ್ಲ. ಅವನ ಹೋಗುವಿಕೆಯನ್ನು ಈ ಹೆಂಗಸರು ತಮ್ಮ ಮನೆಯಲ್ಲೇ ನಡೆದದ್ದೆಂಬಂತೆ ಹೇಳುತ್ತಾರೆ. ಕ್ಷೇತ್ರಕಾರ್ಯ ಕೈಗೊಳ್ಳುವವರು ಮೊದಲು ಹೋಗಬೇಕಾದದ್ದು ಇವರಲ್ಲಿಗೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅಕಾಲದಲ್ಲಿ ತೀರಿಕೊಂಡಾಗ ಪಾರ್ಥಿವ ಶರೀರವನ್ನು ಕಂಠೀರವ ಕ್ರೀಡಾಂಗಣದಲ್ಲಿರಿಸಿ, 31ರಂದು ಅಂತ್ಯಸಂಸ್ಕಾರ ನಡೆಸಲಾಯಿತು. 2006ರ ಪಾಠ ಆಡಳಿತಕ್ಕೂ ಕುಟುಂಬಕ್ಕೂ ನೆನಪಿತ್ತು. ಲಕ್ಷಾಂತರ ಜನ ಸಾಲಿನಲ್ಲಿ ಸಾಗಿ ನೋಡಿದರು. ಮಗನ ಅಭಿಮಾನಿಗಳ ನೆನಪುಗಳ ಸ್ವರೂಪವೂ ಬೇರೆ. ಮೊಬೈಲಿನ ಕಾಲದಲ್ಲಿ ಭೇಟಿಗೆ ಚಿತ್ರವೇ ಸಾಕ್ಷಿ. ಚಿತ್ರವಿಲ್ಲದವನ ‘ಸ್ವಲ್ಪದರಲ್ಲಿ ತಪ್ಪಿತು’ ಎಂಬ ಮಾತಿಗೆ ಕೇಳುಗರು ಕಡಿಮೆಯಾಗಿದ್ದಾರೆ. ತಂದೆಯ ಕಾಲದವರಿಗೆ ಸಾಕ್ಷಿಯ ಹಂಗಿರಲಿಲ್ಲ. ಕಂಠೀರವ ಸ್ಟುಡಿಯೋದ ಸಮಾಧಿಯ ಬಳಿ ಇಂದಿಗೂ ಹಿರಿಯ ವಯಸ್ಸಿನವರು ದೂರದ ಊರುಗಳಿಂದ ಬಂದು ಇಳಿಯುತ್ತಾರೆ. ಮರಳಿ ಹೋದ ಮೇಲೆ ಊರಿನಲ್ಲಿ ಅವರು ಸಮಾಧಿ ನೋಡಿ ಬಂದೆವೆಂದು ಹೇಳುವುದಿಲ್ಲ, ‘ಅಣ್ಣಾವ್ರನ್ನು ನೋಡಿಕೊಂಡು ಬಂದೆವು’ ಎನ್ನುತ್ತಾರೆ.